ದರ ಕೇಳುವ ಮೊದಲು ತಾರಸಿ ನೋಡಿ

ಮನೆಯ ತಾರಸಿ ಸೋರುತ್ತಿದೆ, ವಾಟರ್‌ಪ್ರೂಫಿಂಗ್ ಮಾಡಿಸಬೇಕು ಎಂದು ನೀವು ಇಬ್ಬರನ್ನು ಕರೆಸಿ ಕೇಳಿದ್ದೀರಿ ಎನ್ನೋಣ. ಒಬ್ಬರು ಚದರ ಅಡಿಗೆ ಒಂದು ದರ ಹೇಳಿದರು, ಇನ್ನೊಬ್ಬರು ಅದರ ಮೂರು ಪಟ್ಟು ಹೇಳಿದರು. ಇಬ್ಬರೂ ಹತ್ತಿ ನೋಡಿದ್ದು ಅದೇ ತಾರಸಿಯನ್ನು. ಹಾಗಾದರೆ ಇಬ್ಬರಲ್ಲಿ ಒಬ್ಬರು ಮೋಸ ಮಾಡುತ್ತಿದ್ದಾರೆಯೇ? ಹಾಗೇ ಇರಬೇಕೆಂದಿಲ್ಲ. ಅವರು ಎರಡು ಬೇರೆ ಕೆಲಸಗಳಿಗೆ ದರ ಹೇಳಿದ್ದಾರೆ. ಎರಡಕ್ಕೂ ಇರುವ ಹೆಸರು ಮಾತ್ರ ಒಂದೇ. ಆ ಕೆಲಸಗಳ ನಡುವಿನ ವ್ಯತ್ಯಾಸವನ್ನು ನೀವೇ ಗುರುತಿಸುವಂತಾಗಲಿ ಎಂದು ಈ ಪರಿಚಯ ಬರೆಯುತ್ತಿದ್ದೇನೆ. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಒಂದು ಅಳತೆಯ ಟೇಪು ಮತ್ತು ಸ್ವಲ್ಪ ಕುತೂಹಲ ಇದ್ದರೆ ಸಾಕು.

ತಾರಸಿ ಎಂದರೆ ಏನು ಎಂಬಲ್ಲಿಂದಲೇ ಆರಂಭಿಸೋಣ. ಇಂದಿನ ಹೆಚ್ಚಿನ ಮನೆಗಳ ಮೇಲಿರುವುದು ಆರ್‌ಸಿಸಿ ಸ್ಲ್ಯಾಬ್. ಉಕ್ಕಿನ ಕಂಬಿಗಳನ್ನು ಹೆಣೆದು, ಅವುಗಳ ಮೇಲೆ ಸಿಮೆಂಟು, ಮರಳು, ಜಲ್ಲಿ, ನೀರು ಕಲಸಿದ ಕಾಂಕ್ರೀಟನ್ನು ಸುರಿದು ಗಟ್ಟಿಯಾಗಲು ಬಿಟ್ಟ ಹಾಸು ಅದು. ಜನ ಇದನ್ನು ‘ಮೋಲ್ಡ್’ ಎನ್ನುತ್ತಾರೆ. ನೋಡಲು ಬಂಡೆಯಂತಿದ್ದರೂ ಇದರಲ್ಲಿ ನೀರಿಗೆ ದಾರಿ ಇದೆ. ಸಿಮೆಂಟು ಗಟ್ಟಿಯಾಗಲು ಬೇಕಾದ ನೀರು ಕಡಿಮೆ. ಆದರೆ ಅಷ್ಟೇ ಹಾಕಿದರೆ ಕಾಂಕ್ರೀಟು ಕಂಬಿಗಳ ನಡುವೆ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಸ್ವಲ್ಪ ಹೆಚ್ಚು ಹಾಕುತ್ತಾರೆ. ಆ ಹೆಚ್ಚಿನ ನೀರು ಮುಂದೆ ಆವಿಯಾಗಿ ಹೋದಾಗ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿಯುತ್ತವೆ. ಮಳೆ ನೀರು ಹರಿದು ಹೋದರೆ ಈ ರಂಧ್ರಗಳಿಂದ ತೊಂದರೆಯಿಲ್ಲ. ನೀರು ಗಂಟೆಗಟ್ಟಲೆ ನಿಂತರೆ ನಿಧಾನವಾಗಿ ಇಂಗುತ್ತದೆ.

ಎರಡನೆಯ ದಾರಿ ಬಿರುಕು. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಅದು ತನ್ನ ಉದ್ದದ 10 ಲಕ್ಷದಲ್ಲಿ ಸುಮಾರು 10 ಭಾಗದಷ್ಟು ಹಿಗ್ಗುತ್ತದೆ. ತೀರ ಚಿಕ್ಕ ಸಂಖ್ಯೆ ಅನಿಸಬಹುದು. ಆದರೆ 12 ಮೀಟರ್, ಅಂದರೆ ಸುಮಾರು 40 ಅಡಿ ಉದ್ದದ ಸ್ಲ್ಯಾಬ್ 30 ಡಿಗ್ರಿ ಬಿಸಿಯೇರಿದರೆ ಮೂರೂವರೆ ಮಿಲಿಮೀಟರ್‌ನಷ್ಟು ಹಿಗ್ಗಲು ನೋಡುತ್ತದೆ. ಕೆಳಗಿನ ಗೋಡೆ ನೆರಳಿನಲ್ಲಿದೆ. ಅದು ಅಷ್ಟು ಹಿಗ್ಗುವುದಿಲ್ಲ. ಈ ಎಳೆದಾಟದ ಪೆಟ್ಟು ಬೀಳುವುದು ಸ್ಲ್ಯಾಬ್ ಗೋಡೆಯನ್ನು ಮುಟ್ಟುವಲ್ಲಿ, ಮತ್ತು ತಾರಸಿಯ ಸುತ್ತ ಎದ್ದಿರುವ ಪ್ಯಾರಾಪೆಟ್ ಗೋಡೆಯ ಬುಡದಲ್ಲಿ. ಸೋರಿಕೆ ಇದೆ ಎಂದಾಗ ಅನುಭವಿ ಮೇಸ್ತ್ರಿ ತಾರಸಿಯ ನಡುಭಾಗವನ್ನು ಬಿಟ್ಟು ಮೊದಲು ಅಂಚಿನ ಕಡೆ ಹೋಗುವುದು ಇದೇ ಕಾರಣಕ್ಕೆ.

ಮೂರನೆಯದು, ಸ್ಲ್ಯಾಬನ್ನು ತೂರಿಕೊಂಡು ಬಂದಿರುವ ವಸ್ತುಗಳು: ಮಳೆ ನೀರಿನ ಪೈಪಿನ ಬಾಯಿ, ಟ್ಯಾಂಕಿನ ಪೈಪುಗಳು, ಸೋಲಾರ್ ಹೀಟರಿನ ಸ್ಟ್ಯಾಂಡಿಗೆ ಕೊರೆದ ರಂಧ್ರಗಳು. ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಮುಂದೆ ಮೇಲೊಂದು ಅಂತಸ್ತು ಕಟ್ಟೋಣ ಎಂದು ಕಂಬಗಳ ಕಂಬಿಗಳನ್ನು ತಾರಸಿಯ ಮೇಲೆ ಹಾಗೆಯೇ ಬಿಟ್ಟಿರುತ್ತೇವಲ್ಲ, ಆ ಕಂಬಿಗಳ ಮೈ ಹಿಡಿದು ನೀರು ಒಳಗಿಳಿಯುತ್ತದೆ. ಜೊತೆಗೆ ತುಕ್ಕೂ ಇಳಿಯುತ್ತದೆ.

ಇಷ್ಟು ತಿಳಿದ ಮೇಲೆ ಒಂದು ಎಚ್ಚರಿಕೆ. ಒಳಗೆ ಕಲೆ ಕಂಡ ಜಾಗದ ನೇರ ಮೇಲೆಯೇ ನೀರು ಒಳಬರುತ್ತಿದೆ ಎಂದು ಭಾವಿಸಬೇಡಿ. ಸ್ಲ್ಯಾಬಿನೊಳಗೆ ವಿದ್ಯುತ್ ತಂತಿಗಾಗಿ ಹೂತ ಪೈಪುಗಳಿರುತ್ತವೆ. ನೀರು ಒಂದು ಮೂಲೆಯಲ್ಲಿ ಒಳನುಗ್ಗಿ, ಆ ಪೈಪಿನಲ್ಲಿ ಹರಿದು, ನಡುಮನೆಯ ಫ್ಯಾನಿನ ಬುಡದಲ್ಲಿ ತೊಟ್ಟಿಕ್ಕಬಹುದು. ಸೋರಿಕೆ ಮಳೆಗೆ ಮಾತ್ರ ಬರುತ್ತದೆಯೇ, ಬಿರು ಬೇಸಿಗೆಯಲ್ಲೂ ಇದೆಯೇ ಎಂದು ಗಮನಿಸಿ. ಮಾರ್ಚ್ ತಿಂಗಳಲ್ಲೂ ಕಲೆ ಹಸಿಯಾಗಿದ್ದರೆ ಅಪರಾಧಿ ಮಳೆಯಲ್ಲ. ಟ್ಯಾಂಕು, ನಲ್ಲಿಯ ಪೈಪು, ಇಲ್ಲವೇ ಮೇಲಿನ ಬಚ್ಚಲುಮನೆ. ಆಗ ಇಡೀ ತಾರಸಿಗೆ ಬಳಿಸಿದ ಹಣವೆಲ್ಲ ವ್ಯರ್ಥ. ಹೀಗೆ ಗಮನಿಸುವುದೇ ಎಲ್ಲಕ್ಕಿಂತ ಹೆಚ್ಚು ಹಣ ಉಳಿಸುವ ಹೆಜ್ಜೆ, ಇದಕ್ಕೆ ಖರ್ಚೇ ಇಲ್ಲ.

ಈಗ ಅಳತೆ. ನಿಮ್ಮದು 30×40ರ ಸೈಟು, ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಯ ತಾರಸಿ 25 ಅಡಿಗೆ 36 ಅಡಿ ಎಂದುಕೊಳ್ಳಿ. 900 ಚದರ ಅಡಿ ಆಯಿತು. ಆದರೆ ನೀರು ತಡೆಯುವ ಪದರ ನೆಲದಲ್ಲೇ ನಿಲ್ಲುವಂತಿಲ್ಲ. ಪ್ಯಾರಾಪೆಟ್ಟಿನ ಒಳಮೈಯನ್ನು ಕನಿಷ್ಠ ಒಂದು ಅಡಿ ಏರಬೇಕು. ಏಕೆಂದರೆ ಬಿರುಕು ಬಿಡುವುದೇ ಆ ಮೂಲೆ. ಸುತ್ತಳತೆ 122 ಅಡಿ, ಎತ್ತರ ಒಂದು ಅಡಿ, ಹಾಗಾಗಿ ಇನ್ನೂ 122 ಚದರ ಅಡಿ ಸೇರಿ ಒಟ್ಟು 1,022. ಕಡಿಮೆ ದರ ಹೇಳಿದವರ ಲೆಕ್ಕದಲ್ಲಿ ಈ 122 ಇದೆಯೇ ಎಂದು ಕೇಳಿ. ಬೆಂಗಳೂರು, ಮೈಸೂರಿನ ಕಡೆ ಕಟ್ಟಡದ ಮಾತಿನಲ್ಲಿ ಬರಿಯ ‘ಚದರ’ ಎಂದರೆ 100 ಚದರ ಅಡಿ ಎಂಬುದೂ ನೆನಪಿರಲಿ. ದರ ಯಾವುದಕ್ಕೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ.

ಮುಂದಿನದು ವಾಟ. ನೀರು ಒಂದು ಕಡೆಗೆ ಹರಿಯಲೆಂದು ತಾರಸಿಗೆ ಕೊಡುವ ಸಣ್ಣ ಇಳಿಜಾರನ್ನು ಮೇಸ್ತ್ರಿಗಳು ವಾಟ ಎನ್ನುತ್ತಾರೆ. 100 ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಬೇಕು. ನಮ್ಮ 25 ಅಡಿ ಅಗಲದ ತಾರಸಿಯಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ 3 ಅಂಗುಲ ತಗ್ಗಬೇಕು ಎಂದಾಯಿತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ: ನಿಲ್ಲದ ನೀರನ್ನು ತಡೆಯುವುದು ಸುಲಭ, ನಿಂತ ನೀರನ್ನು ತಡೆಯುವುದು ದುಬಾರಿ. ಜೋರು ಮಳೆ ಬಿದ್ದ ಮರುದಿನ ಬೆಳಿಗ್ಗೆ ತಾರಸಿ ಹತ್ತಿ, ನೀರು ಎಲ್ಲೆಲ್ಲಿ ನಿಂತಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದೆರಡು ಸಣ್ಣ ಗುಂಡಿಗಳಿದ್ದರೆ ಅವನ್ನಷ್ಟೇ ತುಂಬಿಸಬಹುದು. ಅರ್ಧ ತಾರಸಿ ಕೆರೆಯಾಗಿದ್ದರೆ ವಾಟವನ್ನೇ ಹೊಸದಾಗಿ ಕೊಡಬೇಕಾಗುತ್ತದೆ, ಖರ್ಚು ಬೇರೆಯೇ ಮಟ್ಟಕ್ಕೆ ಏರುತ್ತದೆ.

ವಾಟ ಕೊಡುವ ಹಳೆಯ ರೀತಿ, ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಹಾಸಿ, ಮೇಲೆ ನುಣ್ಣಗೆ ತೇಯುವುದು. ಒಳ್ಳೆಯ ಕೈಯಲ್ಲಿ ಮಾಡಿಸಿದರೆ ಬಹಳ ವರ್ಷ ಬಾಳುತ್ತದೆ, ಮನೆಯೊಳಗೆ ತಂಪೂ ಇರುತ್ತದೆ. ಹಳೆಯ ಮೈಸೂರಿನ ಅನೇಕ ಮನೆಗಳ ಮದ್ರಾಸ್ ತಾರಸಿ ಇದೇ ತತ್ತ್ವದ್ದು: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಹಾಸನ್ನು ಹಾಕಿ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು, ಸುಣ್ಣಕ್ಕೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಇಂದು ಇಂಥ ಹಾಸು ಹಾಕಿಸುವಾಗ ತೂಕದ ಲೆಕ್ಕ ಮರೆಯಬಾರದು. 900 ಚದರ ಅಡಿಯ ಮೇಲೆ ಸರಾಸರಿ 4 ಅಂಗುಲದ ಹಾಸು ಸುಮಾರು 15 ಟನ್ ತೂಗುತ್ತದೆ. ಹಳೆಯ ಹಾಸನ್ನು ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಹೇರುವುದು ನಿಮ್ಮ ಸ್ಲ್ಯಾಬಿನ ಮೇಲೆ ತುಂಬಿದ ಲಾರಿಯನ್ನು ಶಾಶ್ವತವಾಗಿ ನಿಲ್ಲಿಸಿದಂತೆ. ಇಂಥ ಸಲಹೆ ಬಂದರೆ, ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡದ ಬಲಾಬಲ ನೋಡುವವರನ್ನು ಕೇಳದೆ ಒಪ್ಪಬೇಡಿ. ಅವರ ಶುಲ್ಕವನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಿ.

ಈಗ ಪೂರ್ವಸಿದ್ಧತೆಗೆ ಬರೋಣ. ಎರಡು ದರಗಳ ನಡುವಿನ ದೊಡ್ಡ ಅಂತರ ಸಾಮಾನ್ಯವಾಗಿ ಇಲ್ಲಿಯೇ ಅಡಗಿರುತ್ತದೆ. ನೀರು ತಡೆಯುವ ಯಾವ ಪದರವೂ ತನ್ನ ಕೆಳಗಿನ ಮೈಗೆ ಅಂಟಿಕೊಂಡಷ್ಟೇ ಬಾಳುತ್ತದೆ. ಪಾಚಿ, ಧೂಳು, ಹಿಂದೆ ಬಳಿದು ಸಿಪ್ಪೆ ಏಳುತ್ತಿರುವ ಬಣ್ಣ ಇವುಗಳ ಮೇಲೆ ಎಷ್ಟು ಉತ್ತಮ ವಸ್ತು ಬಳಿದರೂ ಅದು ಹಿಡಿದುಕೊಳ್ಳುವುದು ಧೂಳನ್ನೇ. ಆದ್ದರಿಂದ ತಂತಿಯ ಬ್ರಷ್ಷಿನಲ್ಲಿ ಉಜ್ಜಬೇಕು, ಒತ್ತಡದ ನೀರಿನಲ್ಲಿ ತೊಳೆಯಬೇಕು, ಒಣಗಲು ಬಿಡಬೇಕು. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದ ಕಡೆ ಮೇಲಿನ ಗಾರೆ ಸ್ಲ್ಯಾಬನ್ನು ಬಿಟ್ಟಿದೆ ಎಂದರ್ಥ. ಅದನ್ನು ಒಡೆದು ತೆಗೆಯಬೇಕು. ಒಡೆದ ಚೂರುಗಳನ್ನು, ಅಂದರೆ ರಾಬಿಟ್ಟನ್ನು, ಚೀಲಕ್ಕೆ ತುಂಬಿ ಕೆಳಗಿಳಿಸಿ, ಗಾಡಿಯಲ್ಲಿ ಸಾಗಿಸುವುದಕ್ಕೂ ಕೂಲಿ ಇದೆ. ದರಪಟ್ಟಿಯಲ್ಲಿ ಅದು ಕಾಣದಿದ್ದರೆ ಕೆಲಸದ ಮಧ್ಯೆ ಕಾಣಿಸಿಕೊಳ್ಳುತ್ತದೆ.

ಬಿರುಕುಗಳಿಗೂ ಕ್ರಮವಿದೆ. ಕೂದಲೆಳೆಯಂಥದ್ದಾದರೆ ಮೇಲಿನ ಪದರವೇ ಮುಚ್ಚೀತು. ಅದಕ್ಕಿಂತ ಅಗಲವಾದುದನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಕೊರೆದು, ಧೂಳು ತೆಗೆದು, ಸೀಲೆಂಟ್ ತುಂಬಬೇಕು. ಸೀಲೆಂಟ್ ಎಂದರೆ ಒಣಗಿದ ಮೇಲೂ ರಬ್ಬರಿನ ಗುಣ ಉಳಿಸಿಕೊಳ್ಳುವ ಅಂಟು. ಸ್ಲ್ಯಾಬ್ ಹಿಗ್ಗಿ ಕುಗ್ಗಿದಂತೆ ತಾನೂ ಎಳೆದುಕೊಳ್ಳುತ್ತದೆ. ಬಿರುಕಿಗೆ ಬರಿಯ ಸಿಮೆಂಟು ಮೆತ್ತುವುದು ಅಗ್ಗ, ಆದರೆ ಮುಂದಿನ ಬೇಸಿಗೆಯಲ್ಲಿ ಅದೇ ಜಾಗ ಮತ್ತೆ ಬಿಡುತ್ತದೆ. ಪ್ಯಾರಾಪೆಟ್ಟಿನ ಬುಡದ ಚೂಪು ಮೂಲೆಯನ್ನು ಗಾರೆಯಿಂದ ದುಂಡಗೆ ತುಂಬಿಸುವುದೂ ಇದೇ ಹಂತದ ಕೆಲಸ. ಈ ದುಂಡನ್ನು ಅಡಿಯ ಲೆಕ್ಕದಲ್ಲಿ ಪ್ರತ್ಯೇಕವಾಗಿ ಹಿಡಿಯುವುದುಂಟು.

ಸ್ಲ್ಯಾಬಿನ ಕೆಳಮೈಯಿಂದ ಗಾರೆ ಉದುರಿ ಕಂಬಿ ಕಾಣುತ್ತಿದ್ದರೆ ವಿಷಯ ಗಂಭೀರ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ. ಸಡಿಲ ಕಾಂಕ್ರೀಟು ತೆಗೆದು, ಕಂಬಿಯ ತುಕ್ಕು ಉಜ್ಜಿ, ತುಕ್ಕು ನಿರೋಧಕ ಬಳಿದು, ಪಾಲಿಮರ್ ಸೇರಿಸಿದ ಗಾರೆಯಿಂದ ಮುಚ್ಚುವ ಈ ರಿಪೇರಿ ಕೆಲವೊಮ್ಮೆ ಮೇಲಿನ ವಾಟರ್‌ಪ್ರೂಫಿಂಗಿಗಿಂತ ದುಬಾರಿ. ವರ್ಷಗಟ್ಟಲೆ ಮುಂದೂಡಿದ ಸಣ್ಣ ಸೋರಿಕೆ ದೊಡ್ಡ ಬಿಲ್ಲಾಗುವುದು ಹೀಗೆ.

ಇಷ್ಟೆಲ್ಲ ಆದ ಮೇಲೆ, ಯಾವುದನ್ನು ಬಳಿಯುವುದು? ಅಂಗಡಿಯಲ್ಲಿ ಹೆಸರುಗಳು ನೂರಾರು, ಬಗೆಗಳು ನಾಲ್ಕಾರು. ಪುಡಿ ಮತ್ತು ದ್ರವವನ್ನು ಕಲಸಿ ಬಳಿಯುವ ಸಿಮೆಂಟು ಮೂಲದ ಲೇಪ ಒಂದು. ಬೆಲೆ ಕಡಿಮೆ, ಆದರೆ ಎಳೆದುಕೊಳ್ಳುವ ಗುಣವೂ ಕಡಿಮೆ, ಮೇಲೆ ಟೈಲ್ಸ್ ಅಥವಾ ಗಾರೆಯ ಹೊದಿಕೆ ಇದ್ದರೆ ಚೆನ್ನಾಗಿ ಬಾಳುತ್ತದೆ. ಅಕ್ರಿಲಿಕ್ ಲೇಪ ಎರಡನೆಯದು. ಬಣ್ಣದ ಹಾಗೆ ಬಳಿಯಬಹುದು, ಬಿಳಿಯದನ್ನು ಬಳಿದರೆ ಬಿಸಿಲು ಮರಳಿ ಹೋಗಿ ಮನೆ ತಂಪಾಗುತ್ತದೆ, ಆದರೆ ದಿನಗಟ್ಟಲೆ ನಿಂತ ನೀರನ್ನು ಇದು ಸಹಿಸದು. ಪಾಲಿಯುರಿಥೇನ್, ಕೆಲಸದವರ ಬಾಯಲ್ಲಿ ‘ಪಿಯು’, ಹೆಚ್ಚು ಎಳೆದುಕೊಳ್ಳುತ್ತದೆ, ನಿಂತ ನೀರನ್ನೂ ತಡೆಯುತ್ತದೆ. ಬೆಲೆ ಅಕ್ರಿಲಿಕ್ಕಿಗಿಂತ ಸಾಕಷ್ಟು ಹೆಚ್ಚು, ಒಣಗಿದ ಮೈಯನ್ನೇ ಬೇಡುತ್ತದೆ. ಇನ್ನು ಮೆಂಬ್ರೇನ್: 3 ಅಥವಾ 4 ಮಿಲಿಮೀಟರ್ ದಪ್ಪದ ಡಾಂಬರಿನ ಹಾಳೆಯ ಸುರುಳಿ. ಇದನ್ನು ಗ್ಯಾಸಿನ ಉರಿಯಿಂದ ಕಾಯಿಸಿ ಅಂಟಿಸುತ್ತಾರೆ. 1 ಮೀಟರ್ ಅಗಲ, 10 ಮೀಟರ್ ಉದ್ದದ ಸುರುಳಿಯಲ್ಲಿ ಪ್ರತಿ ಜೋಡಣೆಗೆ 10 ಸೆಂಟಿಮೀಟರ್ ಒಂದರ ಮೇಲೊಂದು ಬರಬೇಕು. ಹಾಗಾಗಿ 10 ಚದರ ಮೀಟರಿನ ಸುರುಳಿ ಮುಚ್ಚುವುದು 9 ಚದರ ಮೀಟರಿಗಿಂತ ಸ್ವಲ್ಪ ಕಡಿಮೆಯನ್ನೇ.

ಲೇಪಗಳ ವಿಷಯದಲ್ಲಿ ನೀವು ಕಲಿಯಲೇಬೇಕಾದ ಒಂದು ಲೆಕ್ಕವಿದೆ, ದಯವಿಟ್ಟು ಇಲ್ಲಿ ನಿಧಾನಿಸಿ. ಒಂದು ಲೀಟರ್ ದ್ರವವನ್ನು ಒಂದು ಚದರ ಮೀಟರ್ ಜಾಗದಲ್ಲಿ ಸಮವಾಗಿ ಹರಡಿದರೆ ಅದರ ದಪ್ಪ ಸರಿಯಾಗಿ ಒಂದು ಮಿಲಿಮೀಟರ್. ಆದರೆ ಲೇಪದಲ್ಲಿರುವ ನೀರು ಆರಿಹೋಗುತ್ತದೆ. ಗಾತ್ರದ ಶೇ. 60ರಷ್ಟು ಉಳಿಯುವ ಲೇಪ ಎಂದುಕೊಂಡರೆ, ಒಣಗಿದ ಮೇಲೆ 0.6 ಮಿಲಿಮೀಟರ್. ನಮ್ಮ 1,022 ಚದರ ಅಡಿ ಎಂದರೆ ಸುಮಾರು 95 ಚದರ ಮೀಟರ್. ಒಣಗಿದ ಮೇಲೆ ಒಂದು ಮಿಲಿಮೀಟರ್ ಉಳಿಯಬೇಕಾದರೆ 95ನ್ನು 0.6ರಿಂದ ಭಾಗಿಸಿ: ಸುಮಾರು 158 ಲೀಟರ್. ಅಂದರೆ 20 ಲೀಟರಿನ ಎಂಟು ಬಕೆಟ್‌ಗಳು. ಮೂರು ಬಕೆಟ್‌ನಲ್ಲಿ ಮುಗಿಸುತ್ತೇನೆ ಎನ್ನುವವರು ಅದೇ ಕಂಪನಿಯ ಅದೇ ವಸ್ತುವನ್ನೇ ಬಳಿಯಬಹುದು. ಆದರೆ ಉಳಿಯುವ ಪದರ 0.4 ಮಿಲಿಮೀಟರ್ ಕೂಡ ಇರುವುದಿಲ್ಲ. ಎಷ್ಟು ಕೋಟಿಂಗ್ ಎಂಬುದು ಅಳತೆಯಲ್ಲ. ಒಣಗಿದ ಮೇಲೆ ದಪ್ಪ ಎಷ್ಟು, ಅದಕ್ಕೆ ಎಷ್ಟು ಲೀಟರ್ ಎಂದು ಕೇಳಿ. ಡಬ್ಬಿಯ ಮೇಲೆ ಕಂಪನಿಯವರು ಸೂಚಿಸಿದ್ದಕ್ಕೆ ಹೋಲಿಸಿ. ಖಾಲಿ ಬಕೆಟ್‌ಗಳನ್ನು ಕೆಲಸ ಮುಗಿಯುವವರೆಗೆ ತಾರಸಿಯಲ್ಲೇ ಇಡಲು ಹೇಳಿ. ಬಿರುಕಿನ ಮೇಲೆ ಮತ್ತು ಮೂಲೆಗಳಲ್ಲಿ ಎರಡು ಪದರಗಳ ನಡುವೆ ಫೈಬರ್ ಬಲೆ ಕೂರಿಸುತ್ತಾರೆಯೇ ಎಂಬುದನ್ನೂ ಕೇಳಿ.

ಬೆಲೆಯನ್ನು ವರ್ಷಗಳಿಗೆ ಹಂಚಿ ನೋಡುವ ಅಭ್ಯಾಸವೂ ಒಳ್ಳೆಯದು. ಇಲ್ಲಿ ಕೊಡುವ ಅಂಕಿಗಳು ಮಾರುಕಟ್ಟೆಯ ದರಗಳಲ್ಲ, ಲೆಕ್ಕ ತೋರಿಸಲು ಹಿಡಿದವು. ಚದರ ಅಡಿಗೆ 40 ರೂಪಾಯಿಯ ಕೆಲಸಕ್ಕೆ 40,880 ರೂಪಾಯಿ. ಮೂರು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 13,600. 110 ರೂಪಾಯಿಯ ಕೆಲಸಕ್ಕೆ 1,12,420; ಹತ್ತು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 11,200. ಆದರೆ ಇನ್ನೆರಡು ವರ್ಷದಲ್ಲಿ ಮೇಲೆ ಅಂತಸ್ತು ಕಟ್ಟುವುದು ಖಚಿತವಾಗಿದ್ದರೆ ಹತ್ತು ವರ್ಷದ ಪದರಕ್ಕೆ ಹಣ ಹಾಕುವುದರಲ್ಲಿ ಅರ್ಥವಿಲ್ಲ. ಆಗ ಕಂಬಿಗಳ ಬುಡ, ಅಂಚು, ಪೈಪಿನ ಬಾಯಿ ಇಷ್ಟನ್ನು ಚೆನ್ನಾಗಿ ಮುಚ್ಚಿಸಿ, ಉಳಿದದ್ದಕ್ಕೆ ಸಾಧಾರಣ ಲೇಪ ಸಾಕು.

ಕೂಲಿಯ ಮೇಲೆ ಪ್ರಭಾವ ಬೀರುವ ಸಂಗತಿಗಳು ಇನ್ನೂ ಕೆಲವಿವೆ. ಮೂರನೆಯ ಮಹಡಿಗೆ ಕಿರಿದಾದ ಮೆಟ್ಟಿಲಿನಲ್ಲಿ ಸಾಮಾನು ಹೊರಬೇಕಾದರೆ ಆಳು ಹೆಚ್ಚು ಬೇಕು. ಸೋಲಾರ್ ಹೀಟರ್, ಟ್ಯಾಂಕು, ಹೂಕುಂಡ ತುಂಬಿದ ತಾರಸಿ ಬೋಳು ತಾರಸಿಗಿಂತ ದುಬಾರಿ. ಸಾಧ್ಯವಾದಷ್ಟನ್ನು ನೀವೇ ಮೊದಲು ಸರಿಸಿಡಿ.

ಕಾಲವೂ ಮುಖ್ಯ. ಕೆಲಸ ಮಾಡಿಸಲು ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳು ಸೂಕ್ತ. ಮುಂಗಾರು ಹೊಸ್ತಿಲಲ್ಲಿರುವಾಗ ಎಲ್ಲರೂ ಒಮ್ಮೆಗೇ ಕರೆಯುತ್ತಾರೆ, ಒಣಗಲು ಸಮಯವೂ ಸಿಗದು. ಸ್ಲ್ಯಾಬ್ ಒಣಗಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ತಾರಸಿಗೆ ಅಂಟಿಸಿ, ಸಂಜೆಯಿಂದ ಮರುದಿನದವರೆಗೆ ಬಿಡಿ. ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.

ಊರಿಗೆ ತಕ್ಕಂತೆ ಉತ್ತರವೇ ಬದಲಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ತಿಂಗಳುಗಟ್ಟಲೆ ಬಿಡದೆ ಸುರಿಯುವ ಕಡೆ ಸಪಾಟು ತಾರಸಿಗೆ ಲೇಪದ ಮೇಲೆ ಲೇಪ ಬಳಿಯುವುದು ಸೋಲುವ ಆಟ. ಕರಾವಳಿ ಮತ್ತು ಮಲೆನಾಡಿನ ಹಿರಿಯರು ಇಳಿಜಾರಿನ ಮಾಡು ಕಟ್ಟಿದ್ದು ಇದನ್ನು ಅರಿತೇ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಮಂಗಳೂರು ಹಂಚು ಆ ಮಾಡಿಗೆ ಹೇಳಿ ಮಾಡಿಸಿದ ಹೊದಿಕೆ. ಇಂದು ಅಲ್ಲಿ ಸ್ಲ್ಯಾಬಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹಾಕಿಸುವುದು ವಾಡಿಕೆ. ಆರಂಭದ ಖರ್ಚು ಲೇಪಕ್ಕಿಂತ ಹೆಚ್ಚು, ಆದರೆ ಸ್ಲ್ಯಾಬಿಗೆ ಮಳೆಯೂ ಬಿಸಿಲೂ ತಾಗುವುದಿಲ್ಲ, ಬಟ್ಟೆ, ಅಡಕೆ ಒಣಗಿಸಲು ಜಾಗವೂ ಸಿಗುತ್ತದೆ. ಗಾಳಿಗೆ ಹಾರದಂತೆ ಬಿಗಿದಿರಬೇಕು, ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತಿನ್ನಿಸಿಕೊಳ್ಳುವುದರಿಂದ ಬಣ್ಣ ಹೊಡೆಸುತ್ತಿರಬೇಕು, ಸ್ಥಳೀಯ ಸಂಸ್ಥೆಯ ಅನುಮತಿ ಬೇಕೇ ಎಂದೂ ವಿಚಾರಿಸಬೇಕು. ಅಷ್ಟು ಮಳೆಯಿಲ್ಲದ ಬಯಲುಸೀಮೆಯಲ್ಲಿ ಒಳ್ಳೆಯ ವಾಟ ಮತ್ತು ಸರಿಯಾದ ದಪ್ಪದ ಒಂದು ಲೇಪ ಸಾಕಾಗುತ್ತದೆ. ಆದರೆ ಬಿಸಿಲು ಹೆಚ್ಚಾದ್ದರಿಂದ ಬಿರುಕಿನ ಕಡೆ ಗಮನ ಹೆಚ್ಚಿರಲಿ.

ದರಪಟ್ಟಿ ಬರೆಸಿಕೊಳ್ಳುವಾಗ ಒಟ್ಟು ಚದರ ಅಡಿ, ತೊಳೆಯುವುದು ಮತ್ತು ಒಡೆಯುವುದು, ಬಿರುಕಿನ ಕೆಲಸ, ವಸ್ತುವಿನ ಹೆಸರು ಮತ್ತು ಲೀಟರ್, ರಾಬಿಟ್ಟು ಸಾಗಣೆ, ಜಿಎಸ್‌ಟಿ ಇವು ಬೇರೆ ಬೇರೆಯಾಗಿ ಇರಲಿ. ಆಗ ಮಾತ್ರ ಇಬ್ಬರ ದರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಗ್ಯಾರಂಟಿ ಎಂದರೆ ವಸ್ತುವಿಗೋ, ಕೆಲಸಕ್ಕೋ, ಮತ್ತೆ ಸೋರಿದರೆ ಕೂಲಿ ಯಾರದು ಎಂಬುದೂ ಬರಹದಲ್ಲಿರಲಿ.

ಕೊನೆಯದು ನೀರು ನಿಲ್ಲಿಸಿ ನೋಡುವ ಪರೀಕ್ಷೆ. ಲೇಪ ಪೂರ್ತಿ ಒಣಗಿದ ಮೇಲೆ, ಕಂಪನಿಯವರು ಹೇಳಿದಷ್ಟು ದಿನ ಬಿಟ್ಟು, ಪೈಪಿನ ಬಾಯಿಗಳನ್ನು ಮುಚ್ಚಿ ಸರಾಸರಿ ಎರಡು ಅಂಗುಲ ನೀರು ನಿಲ್ಲಿಸಿ, ಕನಿಷ್ಠ 24 ಗಂಟೆ ಬಿಟ್ಟು, ಕೆಳಗಿನ ಕೋಣೆಗಳ ಸೂರನ್ನು ಟಾರ್ಚ್ ಹಿಡಿದು ನೋಡಬೇಕು. ನಮ್ಮ ತಾರಸಿಗೆ ಇದಕ್ಕೆ ಸುಮಾರು 4,200 ಲೀಟರ್ ನೀರು ಬೇಕು. ಬೋರ್‌ವೆಲ್ ಇಲ್ಲದ ಕಡೆ ಒಂದು ಟ್ಯಾಂಕರ್ ತರಿಸಬೇಕಾದೀತು, ಅದು ಯಾರ ಲೆಕ್ಕಕ್ಕೆ ಎಂದು ಮೊದಲೇ ಮಾತಾಡಿಕೊಳ್ಳಿ. ಆ ನೀರಿನ ತೂಕವೇ ನಾಲ್ಕು ಟನ್ ದಾಟುವುದರಿಂದ, ಕಂಬಿ ಕಾಣುವಷ್ಟು ಹಾಳಾಗಿದ್ದ ಸ್ಲ್ಯಾಬಾದರೆ ಎಂಜಿನಿಯರರ ಒಪ್ಪಿಗೆ ಪಡೆದೇ ಈ ಪರೀಕ್ಷೆ ಮಾಡಿಸಿ. ಕೆಲಸದ ಹಣದ ಕೊನೆಯ ಕಂತನ್ನು ಪರೀಕ್ಷೆ ಮುಗಿದ ನಂತರ ಕೊಡುವುದೆಂದು ಒಪ್ಪಂದದಲ್ಲೇ ಬರೆಸಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಪಡುವುದಿಲ್ಲ.